ವಿಶಾಖಪಟ್ಟಣದ ಬೆಟ್ಟಗಳು: ಯಾವುದಕ್ಕೆ ಯಾವ ಹೊತ್ತು

ಕರ್ನಾಟಕದಿಂದ ವಿಶಾಖಪಟ್ಟಣಕ್ಕೆ ಹೋಗುವವರ ಲೆಕ್ಕ ಮೊದಲು ತಪ್ಪುವುದು ಸೂರ್ಯನ ವಿಷಯದಲ್ಲಿ. ಮಲ್ಪೆ, ಪಣಂಬೂರು, ಕಾರವಾರ ನೋಡಿದ ರೂಢಿಯಲ್ಲಿ ಕಡಲು ನೋಡುವುದನ್ನು ಸಂಜೆಗೆ ಇಟ್ಟುಕೊಳ್ಳುತ್ತೇವೆ. ಇಲ್ಲಿ ಕಡಲಿರುವುದು ಪೂರ್ವಕ್ಕೆ. ಸೂರ್ಯ ಮುಳುಗುವುದು ನಿಮ್ಮ ಬೆನ್ನ ಹಿಂದೆ, ಬೆಟ್ಟಗಳ ಆಚೆ. ಅದೂ ಬೇಗ. ಮಂಗಳೂರಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯಾಸ್ತ ಸಂಜೆ 6.10ರ ಆಸುಪಾಸು, ವಿಶಾಖಪಟ್ಟಣದಲ್ಲಿ 5.30ರೊಳಗೇ ಮುಗಿದಿರುತ್ತದೆ. ಐದೂವರೆಗೆ ಹೋಟೆಲಿನಿಂದ ಹೊರಟು ಕೈಲಾಸಗಿರಿ ಹತ್ತಿ ‘ಏನೂ ಕಾಣಲಿಲ್ಲ’ ಎನ್ನುವವರಲ್ಲಿ ಬಹುಪಾಲು ಜನ ಈ ಮುಕ್ಕಾಲು ಗಂಟೆಯ ಲೆಕ್ಕದಲ್ಲೇ ಸೋತಿರುತ್ತಾರೆ.

ಆದ್ದರಿಂದ ಈ ವಿಮರ್ಶೆಯಲ್ಲಿ ಯಾವ ಬೆಟ್ಟ ಚೆಂದ ಎಂಬುದಕ್ಕಿಂತ ಯಾವ ಬೆಟ್ಟವನ್ನು ಯಾವ ಹೊತ್ತಿಗೆ, ಯಾವ ಕೆಲಸಕ್ಕೆ ಹತ್ತಬೇಕು ಎಂಬುದಕ್ಕೇ ಹೆಚ್ಚು ಜಾಗ. ತೀರ್ಪು ಬೇಕಾದವರಿಗೆ ಮೊದಲೇ ಹೇಳುತ್ತೇವೆ: ದೇವರಿಗಾಗಿ, ಶಿಲ್ಪಕ್ಕಾಗಿ ಸಿಂಹಾಚಲ. ನೋಟಕ್ಕಾಗಿ ಬಂದರಿನ ಪಕ್ಕದ ರಾಸ್ ಹಿಲ್. ಮಕ್ಕಳಿದ್ದರೆ ಕೈಲಾಸಗಿರಿ. ಒಂದೇ ಒಂದು ಜಾಗಕ್ಕೆ ಸಮಯವಿದೆ, ಗದ್ದಲ ಬೇಡ ಎಂದಾದರೆ ತೊಟ್ಲಕೊಂಡ. ಡಾಲ್ಫಿನ್ಸ್ ನೋಸ್ ಅರ್ಧ ದಿನ ಉಳಿದಿದ್ದರೆ ಮಾತ್ರ.

ಊರಿನ ನೆಲ ಹೇಗಿದೆ ಎಂದು ತಿಳಿದರೆ ಉಳಿದದ್ದು ಸುಲಭ. ಉತ್ತರಕ್ಕೆ ಕೈಲಾಸ ಮತ್ತು ಸಿಂಹಾಚಲದ ಸಾಲುಗಳು, ದಕ್ಷಿಣಕ್ಕೆ ಯಾರಾಡ ಸಾಲು. ನಡುವಿನ ತಗ್ಗಿನಲ್ಲಿ ಊರು, ಬಂದರು, ಕಾರ್ಖಾನೆಗಳು. ಯಾರಾಡ ಸಾಲು ಕಡಲಿಗೆ ಮೂಗು ಚಾಚಿ ನಿಲ್ಲುವ ತುದಿಯೇ ಡಾಲ್ಫಿನ್ಸ್ ನೋಸ್. ಇವೆಲ್ಲ ಪೂರ್ವಘಟ್ಟದ ತುಣುಕುಗಳು. ಇಲ್ಲಿನ ಕಲ್ಲು ಖೊಂಡಲೈಟ್. ಬಿಸಿಲು ಮಳೆಗೆ ಸವೆದು ಪುಡಿಪುಡಿಯಾಗಿ, ಕೆಂಪು ಮಣ್ಣಿನೊಂದಿಗೆ ಸಡಿಲವಾಗಿ ಕೂರುತ್ತದೆ. ಮೆಟ್ಟಿಲು ಬಿಟ್ಟು ಕಾಲುದಾರಿ ಹಿಡಿದರೆ ಹತ್ತುವಾಗ ತೊಂದರೆಯಿಲ್ಲ, ಇಳಿಯುವಾಗ ಕಾಲ ಕೆಳಗಿನ ಹರಳು ಉರುಳುತ್ತದೆ. ಚಪ್ಪಲಿಗಿಂತ ಹಿಡಿತವಿರುವ ಶೂ ವಾಸಿ. ಆದರೆ ಮೂರು ದೇವಸ್ಥಾನ ನೋಡುವ ದಿನ ಲೇಸ್ ಬಿಚ್ಚಿ ಕಟ್ಟುವುದೇ ಕೆಲಸವಾಗುತ್ತದೆ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಸಾಕು.

ಸಿಂಹಾಚಲದಿಂದ ಶುರು ಮಾಡೋಣ. ಸುಮಾರು 300 ಮೀಟರ್ ಎತ್ತರದ ಬೆಟ್ಟಸಾಲಿನಲ್ಲಿರುವ ವರಾಹ ಲಕ್ಷ್ಮೀನರಸಿಂಹನ ದೇವಸ್ಥಾನ ಇದು. ಕಡಲು ಕಾಣುತ್ತದೆ ಎಂಬ ಆಸೆಯಿಂದ ಹೋಗಬೇಡಿ. ದೇವಸ್ಥಾನ ಬೆಟ್ಟದ ಮಡಿಲಿನಲ್ಲಿ ಕೂತಿದೆ, ಸುತ್ತ ಹಸಿರು ಗೋಡೆ. ಮುಖ ಪಶ್ಚಿಮಕ್ಕೆ. ಹೀಗಾಗಿ ಗೋಪುರದ ಮೇಲೆ ಒಳ್ಳೆಯ ಬೆಳಕು ಬೀಳುವುದು ಮಧ್ಯಾಹ್ನ ಮೂರೂವರೆಯ ಮೇಲೆ. ಬೆಳಿಗ್ಗೆ ಎದುರಿನಿಂದ ನೋಡಿದರೆ ಗೋಪುರ ನೆರಳಿನಲ್ಲಿರುತ್ತದೆ.

ಹತ್ತಲು ಎರಡು ದಾರಿ. ಕೆಳಗೆ ಅಡವಿವರಂನಿಂದ ಘಾಟ್ ರಸ್ತೆಯಲ್ಲಿ ಬಸ್ಸು ಹೋಗುತ್ತದೆ, ಸ್ವಂತ ವಾಹನಕ್ಕೆ ಬುಡದಲ್ಲಿ ಟೋಲ್ ಕೊಡಬೇಕು. ಇಲ್ಲವೇ ‘ತೊಲಿ ಪಾವಂಚ’ ಎನ್ನುವ ಮೊದಲ ಮೆಟ್ಟಿಲಿನಲ್ಲಿ ಕಾಯಿ ಒಡೆದು ಸುಮಾರು 1,000 ಮೆಟ್ಟಿಲು ಹತ್ತಬೇಕು. ನಿಧಾನವಾಗಿ ಹತ್ತುವವರಿಗೆ ಒಂದು ಗಂಟೆ ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಮರದ ನೆರಳಿದೆ. ಈ ಊರಿನ ಬೆಟ್ಟಗಳಲ್ಲಿ ಹೀಗೆ ನೆರಳಿರುವ ಮೆಟ್ಟಿಲು ಅಪರೂಪ. ಬೆಟ್ಟದ ಮೈಮೇಲೆ ಅನಾನಸ್, ಹಲಸು, ಸಂಪಿಗೆ ಬೆಳೆಯುತ್ತಾರೆ. ಸಿಂಹಾಚಲದ ಅನಾನಸ್ ಗಾತ್ರದಲ್ಲಿ ಚಿಕ್ಕದು, ಹೆಸರು ದೊಡ್ಡದು. ಹಣ್ಣಿನ ಕಾಲದಲ್ಲಿ ಹೋದರೆ ಇಳಿಯುವಾಗ ಕೊಳ್ಳಿ, ಹತ್ತುವಾಗ ಅಲ್ಲ.

ದರ್ಶನದ ಹೊತ್ತಿನಲ್ಲಿ ಎಡವುವವರು ಬಹಳ. ದೇವಸ್ಥಾನ ಬೆಳಿಗ್ಗೆಯಿಂದ ರಾತ್ರಿಯವರೆಗೆ ತೆರೆದಿರುತ್ತದೆ ಎಂದು ನಂಬಿ ಹನ್ನೊಂದೂವರೆಗೆ ಸಾಲಿನ ಮುಂದೆ ಬಂದು ನಿಂತರೆ ನೈವೇದ್ಯದ ಹೊತ್ತಾಗಿ ಸಾಲು ನಿಲ್ಲುತ್ತದೆ. ಮತ್ತೆ ಮಧ್ಯಾಹ್ನ ಎರಡೂವರೆಯ ಮೇಲೆ ಸುಮಾರು ಒಂದು ಗಂಟೆ ವಿರಾಮ. ಹಬ್ಬದ ದಿನ ಈ ಲೆಕ್ಕವೂ ಬದಲಾಗುತ್ತದೆ. ನಮ್ಮ ಸಲಹೆ: ಶನಿವಾರ, ಭಾನುವಾರ ಬಿಟ್ಟು ವಾರದ ದಿನ ಬೆಳಿಗ್ಗೆ ಏಳಕ್ಕೆ ಮೇಲಿರಿ, ಆಗದಿದ್ದರೆ ಮಧ್ಯಾಹ್ನ ಮೂರೂವರೆಗೆ. ನಡುಹಗಲಲ್ಲಿ ಹೋದರೆ ಸಾಲಿನಲ್ಲಿ ಕಾಯುವುದೂ ಆಯಿತು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವುದೂ ಆಯಿತು. ಮೊಬೈಲ್ ಒಳಗೆ ಬಿಡುವುದಿಲ್ಲ, ಕೌಂಟರಿನಲ್ಲಿ ಕೊಟ್ಟು ಚೀಟಿ ಪಡೆಯಬೇಕು. ನಾಲ್ಕು ಜನ ಬೇರೆ ಬೇರೆ ಸಾಲಿಗೆ ಹೋಗುವುದಾದರೆ ಹೊರಗೆ ಎಲ್ಲಿ ಸೇರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಫೋನಿಲ್ಲದೆ ಹುಡುಕಾಡುವ ಸಂಸಾರಗಳು ಇಲ್ಲಿ ದಿನವೂ ಕಾಣುತ್ತವೆ.

ಒಳಗೆ ಏನು ನೋಡಬೇಕು? ಮೂಲಮೂರ್ತಿ ವರ್ಷವಿಡೀ ಗಂಧದ ಲೇಪದೊಳಗೆ ಇರುತ್ತದೆ. ಕಣ್ಣಿಗೆ ಕಾಣುವುದು ಲಿಂಗದಂಥ ಆಕಾರ. ವರಾಹನ ಮುಖ, ನರಸಿಂಹನ ಮೈ ಎಂದು ಕೇಳಿ ಹೋದವರು ‘ಮೂರ್ತಿ ಎಲ್ಲಿ?’ ಎಂದು ಗೊಂದಲಪಡುತ್ತಾರೆ. ಗಂಧ ತೆಗೆದು ನಿಜರೂಪ ತೋರಿಸುವುದು ಅಕ್ಷಯ ತೃತೀಯದ ಚಂದನೋತ್ಸವದಂದು ಮಾತ್ರ. ಅಂದು ರಾತ್ರಿಯೇ ಮೊದಲ ಕಂತಿನ ಗಂಧ ಬಳಿಯುತ್ತಾರೆ. ಉಳಿದ ಮೂರು ಕಂತು ವೈಶಾಖ, ಜ್ಯೇಷ್ಠ, ಆಷಾಢದ ಹುಣ್ಣಿಮೆಗಳಲ್ಲಿ.

ಚಂದನೋತ್ಸವಕ್ಕೆ ಹೋಗಬೇಕೇ? ಹರಕೆಯಿದ್ದರೆ ಹೋಗಿ. ಬೆಟ್ಟ ನೋಡಲು, ದೇವಸ್ಥಾನ ನೋಡಲು ಅದು ಸರಿಯಾದ ದಿನವಲ್ಲ. 2025ರ ಏಪ್ರಿಲ್ 30ರ ನಸುಕಿನಲ್ಲಿ, ಮಳೆ ಸುರಿದ ಮೇಲೆ, 300 ರೂಪಾಯಿ ಟಿಕೆಟ್ಟಿನ ಸಾಲಿನ ಪಕ್ಕದ ಹೊಸ ಗೋಡೆ ಕುಸಿದು 7 ಭಕ್ತರು ಸತ್ತರು. ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾದಾಗ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಇದು ಯಾವ ಬೆಟ್ಟದ ಸಾಲಿಗೂ ಅನ್ವಯ. ಜೋರು ಮಳೆಯಾದ ಮರುದಿನ ಯಾವುದೇ ತಡೆಗೋಡೆಗೆ ಒರಗಿ ನಿಲ್ಲಬೇಡಿ.

ಮಾಮೂಲಿ ದಿನ ಹೋದವರಿಗೆ ನೋಡಲು ಬೇಕಾದಷ್ಟಿದೆ. ಗರ್ಭಗುಡಿಯ ಹೊರಗೋಡೆಯ ಗೂಡುಗಳಲ್ಲಿ ವರಾಹ, ನರಸಿಂಹ, ತ್ರಿವಿಕ್ರಮರಿದ್ದಾರೆ. ಕಳಿಂಗ ಶೈಲಿಯ ಮೈಕಟ್ಟು, ಅದರ ಮೇಲೆ ತಮಿಳು ನಾಡಿನ ಕೈಯೂ ಬಿದ್ದಿದೆ. ಈಗಿನ ರೂಪಕ್ಕೆ ಮುಖ್ಯ ಕಾರಣ 13ನೇ ಶತಮಾನದಲ್ಲಿ ಪೂರ್ವ ಗಂಗರು ಮಾಡಿಸಿದ ಕಟ್ಟಡ ಕೆಲಸ. ಕಲ್ಯಾಣ ಮಂಟಪದಲ್ಲಿ 96 ಕಂಬಗಳು, ಕೆತ್ತನೆ ನೋಡಿಯೇ ಮುಂದೆ ಹೋಗಿ. ಜನ ಸೇರುವುದು ‘ಕಪ್ಪ ಸ್ತಂಭ’ದ ಸುತ್ತ, ಅಪ್ಪಿಕೊಂಡು ಹರಕೆ ಹೇಳಿದರೆ ಮಕ್ಕಳಾಗುತ್ತವೆ ಎಂಬ ನಂಬಿಕೆ.

ಕನ್ನಡಿಗರು ಹುಡುಕಬೇಕಾದ್ದು ಇನ್ನೊಂದಿದೆ. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ಕೃಷ್ಣದೇವರಾಯ 1516ರಲ್ಲೂ 1519ರಲ್ಲೂ ಇಲ್ಲಿಗೆ ಬಂದಿದ್ದ. ದೇವರಿಗೆ ಒಡವೆ ಕೊಟ್ಟ ವಿಷಯ ಇಲ್ಲಿನ ಶಾಸನದಲ್ಲಿದೆ, 991 ಮುತ್ತುಗಳ ಹಾರವೂ ಅದರಲ್ಲಿ ಸೇರಿದೆ. ದೇವಸ್ಥಾನದ ಶಾಸನಗಳಲ್ಲಿ ಹಳೆಯದು 11ನೇ ಶತಮಾನದ ಕೊನೆಯದು, ಚೋಳ ಕುಲೋತ್ತುಂಗನ ಕಾಲದ್ದು. ತೋರಿಸಿಕೊಡುವ ಫಲಕಗಳು ಸಾಲವು, ಅದೇ ಈ ದೇವಸ್ಥಾನದ ದೊಡ್ಡ ಕೊರತೆ. ಗೋಡೆಯ ಮೇಲೆ ಬರಹ ಕಾಣುತ್ತದೆ, ಯಾರದೆಂದು ಹೇಳುವವರಿಲ್ಲ.

ಆಷಾಢ ಹುಣ್ಣಿಮೆಯ ಗಿರಿಪ್ರದಕ್ಷಿಣೆ ಬೇರೆಯೇ ಸಂಗತಿ. ತೊಲಿ ಪಾವಂಚದಲ್ಲಿ ಕಾಯಿ ಒಡೆದು, ಬೆಟ್ಟಸಾಲನ್ನು ಪೂರ್ತಿ ಸುತ್ತಿ ಬರಲು 32 ಕಿಲೋಮೀಟರ್. ಹನುಮಂತವಾಕ, ಕಡಲ ದಂಡೆ, ಮಾಧವಧಾರ, ಗೋಪಾಲಪಟ್ಟಣ ಹಾಯ್ದು ಮತ್ತೆ ಅಡವಿವರಂ. ಹಿಂದಿನ ಸಂಜೆ ಹೊರಟು ರಾತ್ರಿಯಿಡೀ ನಡೆಯುವವರೇ ಹೆಚ್ಚು. ಪೂರ್ತಿ ಡಾಂಬರು ರಸ್ತೆ. ಬರಿಗಾಲಲ್ಲಿ ನಡೆಯುವ ಹರಕೆಯಿದ್ದರೆ ರಾತ್ರಿಯೇ ಮುಗಿಸಿ, ಬೆಳಿಗ್ಗೆ ಒಂಬತ್ತರ ಮೇಲೆ ಪಾದ ಸುಡುತ್ತದೆ. ಬೊಕ್ಕೆ ಏಳುವುದು ಸಾಮಾನ್ಯವಾಗಿ ಕೊನೆಯ ಮೂರನೇ ಒಂದು ಭಾಗದಲ್ಲಿ. ನಡೆಯದವರು ಆ ಎರಡು ದಿನ ಊರಿನೊಳಗೆ ಕಾರಿನಲ್ಲಿ ಓಡಾಡುವ ಆಸೆ ಬಿಡಿ.

ಇನ್ನು ಬಂದರಿನ ಮೂರು ಬೆಟ್ಟ. ಪ್ಯಾಕೇಜ್ ಟೂರಿನವರು ಇಲ್ಲಿಗೆ ಕರೆದುಕೊಂಡು ಬರುವುದು ಕಡಿಮೆ, ನಮ್ಮ ದೃಷ್ಟಿಯಲ್ಲಿ ಇಡೀ ಊರಿನಲ್ಲಿ ಇದಕ್ಕೇ ಮೊದಲ ಸ್ಥಾನ. ಒನ್ ಟೌನ್ ಎನ್ನುವ ಹಳೇ ಪೇಟೆಯ ತುದಿಯಲ್ಲಿ, ಬಂದರಿನ ಕಾಲುವೆಯ ಬಾಯಲ್ಲಿ ಒಂದರ ಪಕ್ಕ ಒಂದು ಗುಡ್ಡಗಳು: ಒಂದರ ಮೇಲೆ ವೆಂಕಟೇಶ್ವರ, ಒಂದರ ಮೇಲೆ ದರ್ಗಾ, ಒಂದರ ಮೇಲೆ ಮೇರಿ ಮಾತೆಯ ಇಗರ್ಜಿ. ಆ ಕಡೆ ದಡದಲ್ಲಿ ಡಾಲ್ಫಿನ್ಸ್ ನೋಸ್ ಎದ್ದು ನಿಂತಿದೆ. ನಡುವಿನ ಕಿರಿದಾದ ನೀರಿನಲ್ಲಿ ಹಡಗುಗಳು ಅವನ್ನು ಎಳೆಯುವ ಟಗ್ ದೋಣಿಗಳ ಜೊತೆ ಒಳಗೆ ಬರುತ್ತವೆ.

ರಾಸ್ ಎಂಬಾತ 1864ರಲ್ಲಿ ಗುಡ್ಡದ ಮೇಲೆ ಮನೆ ಕಟ್ಟಿಸಿದ್ದ. ಆಮೇಲೆ ಅದೇ ಪ್ರಾರ್ಥನಾಲಯವಾಯಿತು. ಇಗರ್ಜಿಯ ಅಂಗಳದಿಂದ ಒಂದು ಸುತ್ತು ತಿರುಗಿದರೆ ಕೆಳಗೆ ಹಳೇ ಪೇಟೆಯ ಹೆಂಚು, ಮೀನುಗಾರಿಕೆ ಬಂದರಿನ ದೋಣಿಗಳು, ಕಾಲುವೆ, ಕಡಲು. ಹಡಗು ಬರುವ ಹೊತ್ತು ಸಿಕ್ಕರೆ ಅದೃಷ್ಟ. ಎತ್ತರದಿಂದ ನೋಡುವಾಗ ಅದು ಬೆಟ್ಟಕ್ಕೇ ತಾಗುತ್ತದೇನೋ ಅನ್ನಿಸುವಷ್ಟು ಹತ್ತಿರ ಹಾಯುತ್ತದೆ. ಬಂದರಿಗೆ ಮೊದಲ ಹಡಗು ‘ಜಲದುರ್ಗ’ ಬಂದದ್ದು 1933ರ ಅಕ್ಟೋಬರ್ 7ರಂದು. ನೈಋತ್ಯದಿಂದ ಬರುವ ಅಲೆಗಳಿಗೆ ಡಾಲ್ಫಿನ್ಸ್ ನೋಸ್ ಅಡ್ಡ ನಿಲ್ಲುವುದರಿಂದಲೇ ಇಲ್ಲಿ ಬಂದರು ಸಾಧ್ಯವಾಯಿತು ಎಂಬುದು ಇಲ್ಲಿ ನಿಂತು ನೋಡಿದರೆ ಪುಸ್ತಕ ಓದದೆಯೂ ಗೊತ್ತಾಗುತ್ತದೆ.

ದರ್ಗಾ ಕೊಂಡದಲ್ಲಿರುವುದು ಇಸ್ಹಾಕ್ ಮದನಿ ಎಂಬ ಸಂತರ ಸಮಾಧಿ. ಬಂದರಿಗೆ ಬರುವ, ಹೋಗುವ ಹಡಗುಗಳು ಮೂರು ಸಲ ಬಾವುಟ ಏರಿಸಿ ಇಳಿಸಿ ಈ ಸಂತರಿಗೆ ವಂದಿಸುತ್ತಿದ್ದವು ಎಂಬುದು ಹಳೇ ಮಾತು. ಎಲ್ಲ ಮತದವರೂ ಬರುತ್ತಾರೆ. ತಲೆಗೆ ಕರವಸ್ತ್ರ ಕಟ್ಟಿಕೊಳ್ಳುವುದು ವಾಡಿಕೆ, ಒಂದು ಜೇಬಿನಲ್ಲಿರಲಿ. ವೆಂಕಟೇಶ್ವರ ಕೊಂಡದ ಗುಡಿಯನ್ನು 1866ರಲ್ಲಿ ಬ್ಲ್ಯಾಕ್‌ಮೂರ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ಕಟ್ಟಿಸಿದ ಎಂದು ಹೇಳುತ್ತಾರೆ. ಗುಡಿ ಸಣ್ಣದು, ಶಿಲ್ಪಕ್ಕಾಗಿ ಹೋಗುವಂಥದ್ದಲ್ಲ.

ಮೂರನ್ನೂ ಒಂದೇ ನಡಿಗೆಯಲ್ಲಿ ಮುಗಿಸಬಹುದು, ಎರಡೂವರೆಯಿಂದ ಮೂರು ಗಂಟೆ ಸಾಕು. ಗುಡ್ಡಗಳು ಎತ್ತರವಿಲ್ಲ, ಆದರೆ ಮೂರು ಸಲ ಹತ್ತಿ ಮೂರು ಸಲ ಇಳಿಯಬೇಕು. ಮೊಣಕಾಲು ನೋವಿರುವವರು ಒಂದನ್ನೇ ಆರಿಸಿಕೊಳ್ಳಬೇಕೆಂದರೆ ರಾಸ್ ಹಿಲ್. ಆಟೋದವರಿಗೆ ಬೆಟ್ಟದ ಹೆಸರಿನ ಜೊತೆ ‘ಒನ್ ಟೌನ್’ ಎಂದೂ ಹೇಳಿ. ಬುಡದ ಗಲ್ಲಿಗಳು ಕಿರಿದು, ಕಾರು ತಂದರೆ ನಿಲ್ಲಿಸಲು ಜಾಗ ಹುಡುಕುವುದೇ ದೊಡ್ಡ ಕೆಲಸ. ಮನೆಗಳ ನಡುವೆಯೇ ಮೆಟ್ಟಿಲು ಏರುತ್ತದೆ. ಜನರ ಬಾಗಿಲಿಗೆ ಕ್ಯಾಮೆರಾ ಹಿಡಿಯಬೇಡಿ. ನೌಕಾಪಡೆಯ ಪೂರ್ವ ಕಮಾಂಡಿನ ಕೇಂದ್ರ ಈ ಊರಲ್ಲೇ ಇದೆ. ಯುದ್ಧನೌಕೆಗಳತ್ತ ಜೂಮ್ ಮಾಡುವುದು, ಡ್ರೋನ್ ಹಾರಿಸುವುದು ಎರಡೂ ಬೇಡ, ಪೊಲೀಸ್ ಠಾಣೆಯಲ್ಲಿ ಅರ್ಧ ದಿನ ಕಳೆಯುವ ಇಚ್ಛೆ ಇಲ್ಲದಿದ್ದರೆ.

ಹೊತ್ತಿನ ವಿಷಯದಲ್ಲಿ ಈ ಗುಡ್ಡಗಳಿಗೆ ಒಂದು ವಿಶೇಷ ನಿಯಮ. ಚಳಿಗಾಲದಲ್ಲಿ ನಸುಕಿಗೇ ಹೋದರೆ ನಿರಾಸೆ. ಎರಡು ಬೆಟ್ಟಸಾಲುಗಳ ನಡುವಿನ ತಗ್ಗಿನಲ್ಲಿ ಬಂದರು, ತೈಲ ಸಂಸ್ಕರಣಾಗಾರ, ಕಾರ್ಖಾನೆಗಳಿವೆ. ರಾತ್ರಿ ತಣ್ಣಗಾದ ಗಾಳಿ ತಳದಲ್ಲಿ ಕೂತು, ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಹೊಗೆಯೂ ಮಂಜೂ ಅಲ್ಲೇ ಉಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ, ಅಂದರೆ ಒಂಬತ್ತರ ಹೊತ್ತಿಗೆ, ಅದು ಎದ್ದು ಹೋಗುತ್ತದೆ. ಒಂಬತ್ತರಿಂದ ಹತ್ತೂವರೆ ಒಳ್ಳೆಯ ಹೊತ್ತು. ಇಲ್ಲವೇ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಮಳೆ ಬಂದು ತೊಳೆದ ಮರುದಿನ ಬೆಳಿಗ್ಗೆ ಸಿಕ್ಕರೆ ಯಾವ ನಿಯಮವೂ ಬೇಕಿಲ್ಲ, ಎದ್ದು ಹೊರಡಿ.

ಡಿಸೆಂಬರ್ 8ರಂದು ರಾಸ್ ಹಿಲ್‌ನಲ್ಲಿ ಮೇರಿ ಮಾತೆಯ ಹಬ್ಬ. ಜನ ವಿಪರೀತ, ನೋಟಕ್ಕೆ ಬಂದವರು ಬೇರೆ ದಿನ ನೋಡಿಕೊಳ್ಳಿ.

ಕೈಲಾಸಗಿರಿಗೆ ಬರೋಣ. ಊರಿನ ಎಲ್ಲ ಜಾಹೀರಾತಿನಲ್ಲೂ ಇರುವ ಬೆಟ್ಟ ಇದೇ. ಎತ್ತರ 173 ಮೀಟರ್, ಮೇಲೆ ವಿಶಾಲ ಉದ್ಯಾನ, ನಿರ್ವಹಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಬಿಳಿಯ ಶಿವಪಾರ್ವತಿ ಮೂರ್ತಿ 40 ಅಡಿ. ಇದನ್ನು ದೇವಸ್ಥಾನವೆಂದು ಭಾವಿಸಿ ಬರುವ ಹಿರಿಯರಿಗೆ ಮೊದಲೇ ಹೇಳಿಬಿಡಿ: ಇದು ಉದ್ಯಾನದ ಶಿಲ್ಪ, ಸಿಂಹಾಚಲದಂಥ ಪೂಜೆ, ತೀರ್ಥ, ಪ್ರಸಾದದ ನಿರೀಕ್ಷೆ ಬೇಡ.

ಬೆಟ್ಟದ ಸುತ್ತ ಆಟಿಕೆ ರೈಲಿದೆ, ಬುಡದಿಂದ ರೋಪ್‌ವೇ ಇದೆ, 2025ರ ಕೊನೆಯಲ್ಲಿ ತೆರೆದ, ಬಂಡೆಯಿಂದ ಕಣಿವೆಯತ್ತ ಸುಮಾರು 50 ಮೀಟರ್ ಚಾಚಿದ ಗಾಜಿನ ಸೇತುವೆಯಿದೆ. ರೈಲಿನಲ್ಲಿ ಹೊರಬದಿಯ ಆಸನ ಹಿಡಿಯದಿದ್ದರೆ ಅರ್ಧ ಸುತ್ತು ಪೊದೆ ನೋಡುತ್ತೀರಿ. ರೋಪ್‌ವೇ ಗಾಳಿ ಜೋರಾದರೆ ನಿಲ್ಲುತ್ತದೆ, ಮಧ್ಯಾಹ್ನದ ಕಡಲಗಾಳಿಗೆ ಇದು ಸಾಮಾನ್ಯ. ಎರಡೂ ಕಡೆಯ ಟಿಕೆಟ್ ಒಟ್ಟಿಗೆ ಕೊಳ್ಳುವ ಮುಂಚೆ ಆಕಾಶ, ಮರದ ತುದಿ ನೋಡಿ. ಗಾಜಿನ ಸೇತುವೆಯ ಮೇಲೆ ಒಂದು ಸಲಕ್ಕೆ ಬಿಡುವ ಜನ ಲೆಕ್ಕದಷ್ಟೇ. ರಜೆಯ ದಿನ ಸಾಲು ಉದ್ದವಾಗುವುದು ಇದೇ ಕಾರಣಕ್ಕೆ. ಎತ್ತರಕ್ಕೆ ತಲೆ ತಿರುಗದವರಿಗೆ ಚೆನ್ನ; ಆದರೆ ನೋಟದ ದೃಷ್ಟಿಯಿಂದ ಪಕ್ಕದ ಉಚಿತ ಕಟ್ಟೆಯಿಂದ ಕಾಣುವುದಕ್ಕಿಂತ ಬೇರೆ ಏನೂ ಅಲ್ಲಿ ಕಾಣುವುದಿಲ್ಲ.

ಕಟ್ಟೆಯ ನೋಟ ಮಾತ್ರ ಹೆಸರಿಗೆ ತಕ್ಕ ಹಾಗೇ ಇದೆ. ದಕ್ಷಿಣಕ್ಕೆ ನೋಡಿದರೆ ದಂಡೆಯ ಬಾಗು, ರಾಮಕೃಷ್ಣ ಬೀಚು, ದೂರದಲ್ಲಿ ಡಾಲ್ಫಿನ್ಸ್ ನೋಸ್. ಉತ್ತರಕ್ಕೆ ಋಷಿಕೊಂಡದ ಕಡೆಯ ದಂಡೆ. ದಕ್ಷಿಣದ ನೋಟ ಬೆಳಿಗ್ಗೆ ಚೆನ್ನ, ಎಡದಿಂದ ಬೆಳಕು ಬಿದ್ದು ದಂಡೆಯ ಗೆರೆ ಎದ್ದು ಕಾಣುತ್ತದೆ. ಚಳಿಗಾಲದ ಸಂಜೆ ಸೂರ್ಯ ನೈಋತ್ಯಕ್ಕೆ ಇಳಿಯುವುದರಿಂದ ಊರಿನ ಕಡೆ ಕಣ್ಣು ಕೋರೈಸುತ್ತದೆ, ಫೋಟೋದಲ್ಲಿ ಊರು ಬೂದಿ. ನೀರಿನ ನೀಲಿ ಬೇಕೆಂದರೆ ಉಲ್ಟಾ: ಮಧ್ಯಾಹ್ನ ಮೂರರ ಮೇಲೆ ಸೂರ್ಯ ಬೆನ್ನಿಗಿದ್ದಾಗ ಪೂರ್ವದ ಕಡಲು ನೋಡಿ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಅದೇ ನೀರು ಬರೀ ತಗಡಿನ ಹೊಳಪು.

ಸೂರ್ಯೋದಯಕ್ಕೆ ಬೆಟ್ಟ ಹತ್ತಲೇಬೇಕೆಂದಿಲ್ಲ. ರೋಪ್‌ವೇ, ರೈಲು, ತಿಂಡಿಯ ಅಂಗಡಿ ಎಲ್ಲವೂ ಬೆಳಿಗ್ಗೆ ತಡವಾಗಿ ಶುರುವಾಗುತ್ತವೆ. ಬುಡದಲ್ಲಿರುವ ತೆನ್ನೇಟಿ ಪಾರ್ಕಿನ ಕಟ್ಟೆಯಿಂದ ಸೂರ್ಯ ನೀರಿನಿಂದಲೇ ಏಳುವುದು ಕಾಣುತ್ತದೆ, ಜೂನಿನಲ್ಲಿ 5.20ಕ್ಕೆ, ಡಿಸೆಂಬರ್ ಕೊನೆಗೆ 6.25ಕ್ಕೆ ಅಲ್ಲಿರಬೇಕು. ಆಮೇಲೆ ಬೀಚ್ ರಸ್ತೆಯ ಕಡೆಯಿಂದ ಮೆಟ್ಟಿಲು ಹತ್ತಿ ಮೇಲೆ ಹೋಗಬಹುದು, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ನೀರು ಕೆಳಗೇ ತುಂಬಿಕೊಳ್ಳಿ. ಬಸ್ಸಿನಲ್ಲಿ ಹೋಗುವವರಿಗೆ 10ಕೆ ನಂಬರಿನ ಬಸ್ಸು.

ಬೆಟ್ಟದ ಮೇಲೆ ದೊಡ್ಡ ಮರ ಕಡಿಮೆ ಏಕೆ ಎಂದು ಕೇಳುವವರಿದ್ದಾರೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರವಾಗಿ ಈ ಊರಿನ ಮೇಲೆಯೇ ಬಂದು ಊರಿನ ಹಸಿರನ್ನೆಲ್ಲ ಕಿತ್ತಿತ್ತು. ಕೈಲಾಸಗಿರಿಯೂ ಅದರಲ್ಲಿ ಬೋಳಾಗಿ ಮತ್ತೆ ಬೆಳೆದದ್ದು. ನಡುಹಗಲಲ್ಲಿ ನೆರಳಿಗಾಗಿ ಪರದಾಡಬೇಕಾಗುತ್ತದೆ, ಕೊಡೆ ಮಳೆಗಲ್ಲದಿದ್ದರೂ ಬಿಸಿಲಿಗೆ ಬೇಕು.

ತೊಟ್ಲಕೊಂಡ ಬೇರೆ ಲೋಕ. ಊರಿನಿಂದ ಭೀಮಿಲಿ ಕಡೆ, ಕಡಲ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್. ಎತ್ತರ 128 ಮೀಟರ್. ನೌಕಾಪಡೆಯವರು 1970ರ ದಶಕದಲ್ಲಿ ನೆಲೆಗಾಗಿ ಸಮೀಕ್ಷೆ ಮಾಡುವಾಗ ಕಣ್ಣಿಗೆ ಬಿದ್ದ ಜಾಗ. 1988ರಿಂದ 1993ರವರೆಗೆ ಉತ್ಖನನ ನಡೆದು ಬೌದ್ಧ ವಿಹಾರದ ಪೂರ್ತಿ ನಕ್ಷೆ ಹೊರಬಂತು: ಮಹಾಸ್ತೂಪ, ಸಣ್ಣ ಹರಕೆಯ ಸ್ತೂಪಗಳು, ಭಿಕ್ಷುಗಳ ಕೋಣೆಗಳ ಸಾಲು, ಸಭಾಮಂಟಪ, ಅಡುಗೆ ಮನೆ, ಊಟದ ಮನೆ, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು. ಶಾತವಾಹನರ ಸೀಸದ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕವು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಇಲ್ಲಿದ್ದ ಭಿಕ್ಷುಗಳಿಗೆ ಕಡಲ ವ್ಯಾಪಾರಿಗಳ ಒಡನಾಟ ಇತ್ತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇಲ್ಲಿ ನೋಡುವ ಕ್ರಮ ಮುಖ್ಯ. ಸ್ತೂಪದ ಮುಂದೆ ನಿಂತು ಸೆಲ್ಫಿ ತೆಗೆದು ಹೊರಟರೆ ಹತ್ತು ನಿಮಿಷದ ಜಾಗ. ಮೊದಲು ತೊಟ್ಟಿಗಳನ್ನು ನೋಡಿ. ಬೆಟ್ಟದ ಮೇಲೆ ಬಾವಿ ತೋಡುವಂತಿಲ್ಲ, ಮಳೆ ನೀರೇ ಗತಿ. ನೀರು ಎಲ್ಲಿ ನಿಲ್ಲುತ್ತದೋ ಅದರ ಹತ್ತಿರ ಅಡುಗೆ ಮನೆ, ಅದರ ಹತ್ತಿರ ಊಟದ ಮನೆ, ಗದ್ದಲದಿಂದ ದೂರಕ್ಕೆ ಕೋಣೆಗಳು. ಈ ಕ್ರಮದಲ್ಲಿ ನಡೆದರೆ ಬರೀ ಅಡಿಪಾಯಗಳಾಗಿ ಕಾಣುತ್ತಿದ್ದ ಇಟ್ಟಿಗೆ ಸಾಲು ಮನೆಯಾಗುತ್ತದೆ. ಇದಕ್ಕೆ ಒಂದೂವರೆ ಗಂಟೆ ಬೇಕು. ಮಹಾಸ್ತೂಪದ ಗುಮ್ಮಟ ಈಚೆಗೆ ಕಟ್ಟಿದ್ದು; 2019ರ ಅಕ್ಟೋಬರ್ ಮಳೆಗೆ ಅದರ ಒಂದು ಭಾಗ ಕುಸಿದು ಮತ್ತೆ ಕಟ್ಟಿದರು. ಹಳೆಯದನ್ನು ನೋಡಬೇಕೆಂದರೆ ತಳಪಾಯ ನೋಡಿ, ಗುಮ್ಮಟ ಅಲ್ಲ.

ಮಧ್ಯಾಹ್ನ ಮೂರೂವರೆಗೆ ಹೋಗಿ. ಸೂರ್ಯ ಹಿಂದಿರುತ್ತದೆ, ಎದುರಿನ ಕಡಲು ನೀಲಿ, ಇಟ್ಟಿಗೆ ಕೆಂಪು. ಕತ್ತಲಾಗುವ ಮುನ್ನ ಹೊರಬರಬೇಕು. ಮೇಲೆ ಅಂಗಡಿಯನ್ನು ನಂಬಬೇಡಿ, ತಲೆಗೆ ಒಂದು ಲೀಟರ್ ನೀರು ಜೊತೆಗಿರಲಿ. ಭೀಮಿಲಿಗೆ ಹೋಗುವ 900ಕೆ ಬಸ್ಸು ಕೆಳಗಿನ ರಸ್ತೆಯಲ್ಲಿ ಇಳಿಸುತ್ತದೆ, ಅಲ್ಲಿಂದ ಮೇಲಕ್ಕೆ ಬಿಸಿಲಿನಲ್ಲಿ ಏರುರಸ್ತೆ. ಆಟೋದಲ್ಲಿ ಹೋಗುವುದಾದರೆ ಕಾಯಲು ಒಪ್ಪಿಸಿಯೇ ಹೋಗಿ, ಮೇಲಿಂದ ಖಾಲಿ ಆಟೋ ಸಿಗುವುದಿಲ್ಲ. ಪಕ್ಕದ ಬಾವಿಕೊಂಡವೂ ಬೌದ್ಧ ನೆಲೆಯೇ. ತೊಟ್ಲಕೊಂಡ ಹಿಡಿಸಿದವರು ಮಾತ್ರ ಅದಕ್ಕೆ ಹೋಗಿ.

ಅದೇ ರಸ್ತೆಯ ಋಷಿಕೊಂಡದಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು 2022ರಲ್ಲಿ ತೆರೆದ ವೆಂಕಟೇಶ್ವರ ದೇವಸ್ಥಾನ ಬೆಟ್ಟದ ಮೇಲಿದೆ. ಹೊಸ ಕಟ್ಟಡ, ಚೊಕ್ಕಟ, ಕಡಲು ಕಾಣುತ್ತದೆ. ತೊಟ್ಲಕೊಂಡಕ್ಕೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ.

ಡಾಲ್ಫಿನ್ಸ್ ನೋಸ್ ರಾಸ್ ಹಿಲ್‌ನಿಂದ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ರಸ್ತೆಯಲ್ಲಿ ಹೋಗಬೇಕೆಂದರೆ ಇಡೀ ಬಂದರನ್ನು ಸುತ್ತಿ, ಸಿಂಧಿಯಾ ಕಡೆಯಿಂದ ಘಾಟ್ ಏರಬೇಕು. ಲಾರಿಗಳ ಹಾವಳಿಯಲ್ಲಿ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ದೀಪಸ್ತಂಭ 1957ರದು, ಸಂದರ್ಶಕರನ್ನು ಬಹುಕಾಲದಿಂದ ಬಿಡುತ್ತಿರುವುದು ಮಧ್ಯಾಹ್ನ 3ರಿಂದ 5ರವರೆಗೆ. ಸುತ್ತ ನೌಕಾಪಡೆಯ ಜಾಗ, ಆಧಾರ್ ಇಲ್ಲದೆ ಹೋಗಬೇಡಿ. ಘಾಟಿನ ತಿರುವುಗಳಿಂದ ಬಂದರಿನ ಇಡೀ ನೋಟ ಸಿಗುತ್ತದೆ, ಆದರೆ ಗಾಡಿ ನಿಲ್ಲಿಸಲು ಬಿಡದ ಕಡೆಗಳೂ ಇವೆ. ಆಚೆ ಇಳಿದರೆ ಯಾರಾಡ ಬೀಚು. ಎರಡನ್ನೂ ಸೇರಿಸಿದರೆ ಮಾತ್ರ ಆ ದೂರಕ್ಕೆ ಅರ್ಥ.

ಕಾರು ಗೊತ್ತುಮಾಡಿದರೆ ಡ್ರೈವರ್ ಹೇಳುವ ಮಾಮೂಲಿ ಕ್ರಮ ಹೀಗಿರುತ್ತದೆ: ಬೆಳಿಗ್ಗೆ ಹತ್ತಕ್ಕೆ ಸಿಂಹಾಚಲ, ಊಟ, ಋಷಿಕೊಂಡ, ತೊಟ್ಲಕೊಂಡ, ಕೊನೆಗೆ ಕೈಲಾಸಗಿರಿ. ಅಂದರೆ ಸಿಂಹಾಚಲದಲ್ಲಿ ನೈವೇದ್ಯದ ವಿರಾಮಕ್ಕೆ ಸರಿಯಾಗಿ ಸಿಕ್ಕಿಬೀಳುತ್ತೀರಿ, ಕೈಲಾಸಗಿರಿಗೆ ಬರುವಷ್ಟರಲ್ಲಿ ಚಳಿಗಾಲದಲ್ಲಿ ಕತ್ತಲು. ಒಂದೇ ದಿನವಿದ್ದರೆ ಸಿಂಹಾಚಲಕ್ಕೆ ಏಳು ಗಂಟೆ, ಹತ್ತರೊಳಗೆ ಕೈಲಾಸಗಿರಿ, ಬಿಸಿಲೇರಿದಾಗ ಕೆಳಗೆ ಬಂದು ರಾಮಕೃಷ್ಣ ಬೀಚಿನ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿ, ಮೂರೂವರೆಗೆ ತೊಟ್ಲಕೊಂಡ ಎಂದು ಹೇಳಿ. ಸೋಮವಾರ ಜಲಾಂತರ್ಗಾಮಿ ರಜೆ. ಎರಡನೇ ದಿನ ಸಿಕ್ಕರೆ ಬೆಳಿಗ್ಗೆ ಒಂಬತ್ತಕ್ಕೆ ಬಂದರಿನ ಮೂರು ಬೆಟ್ಟ, ಮಧ್ಯಾಹ್ನ ಬೇಕಿದ್ದರೆ ಡಾಲ್ಫಿನ್ಸ್ ನೋಸ್.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ಸೆಕೆಗೆ ಬೆಟ್ಟ ಹತ್ತುವುದು ಶಿಕ್ಷೆ. ನಮ್ಮ ಕರಾವಳಿಯ ಲೆಕ್ಕದಲ್ಲಿ ಅಕ್ಟೋಬರ್ ಎಂದರೆ ಮಳೆ ಮುಗಿದ ಕಾಲ, ಇಲ್ಲಿ ಹಾಗಲ್ಲ: ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ ಅದೇ. ಬಾಂಗ್ಲಾದೇಶದ ಸರಕು ಹಡಗು ‘ಮಾ’ ತೆನ್ನೇಟಿ ಪಾರ್ಕಿನ ಬಂಡೆಗೆ ಬಂದು ಸಿಕ್ಕಿಕೊಂಡದ್ದು 2020ರ ಅಕ್ಟೋಬರಿನಲ್ಲೇ. ದಸರಾ ರಜೆಗೆ ಟಿಕೆಟ್ ಮಾಡುವವರು ರದ್ದು ಮಾಡಿದರೆ ಹಣ ವಾಪಸ್ ಬರುವ ಹೋಟೆಲನ್ನೇ ನೋಡಿ.

ಭಾಷೆಯ ತೊಂದರೆ ಅಷ್ಟಿಲ್ಲ. ಬಸ್ಸಿನ ಬೋರ್ಡು ತೆಲುಗಿನಲ್ಲಿದ್ದರೂ ಕನ್ನಡ ಓದುವವರಿಗೆ ಮುಕ್ಕಾಲು ಪಾಲು ಅಕ್ಷರ ಗುರುತು ಸಿಗುತ್ತದೆ.

ರೈಲಿನ ವಿಷಯದಲ್ಲಿ ಮಾತ್ರ ಎಚ್ಚರ. ವಿಶಾಖಪಟ್ಟಣ ನಿಲ್ದಾಣಕ್ಕೆ ಬಂದ ಉದ್ದ ದೂರದ ರೈಲು ಎಂಜಿನ್ ತಿರುಗಿಸಿಕೊಂಡು ಬಂದ ದಿಕ್ಕಿಗೇ ಹೊರಡಬೇಕು, ಇದಕ್ಕೆ ಹೊತ್ತು ಹಿಡಿಯುತ್ತದೆ. ಇದನ್ನು ತಪ್ಪಿಸಲು ಕೆಲವು ರೈಲುಗಳು ಊರೊಳಗೆ ಬರದೆ ದುವ್ವಾಡದಿಂದ ಸಿಂಹಾಚಲಂ ನಾರ್ತ್ ಮೇಲೆ ಹೊರಗಿನಿಂದಲೇ ಹೋಗಿಬಿಡುತ್ತವೆ. ಬುಕ್ ಮಾಡುವಾಗ ನಿಲ್ದಾಣದ ಹೆಸರು ವಿಶಾಖಪಟ್ಟಣವೋ ದುವ್ವಾಡವೋ ಎಂದು ನೋಡಿ. ದುವ್ವಾಡದಲ್ಲಿ ನಡುರಾತ್ರಿ ಇಳಿದರೆ ಊರಿಗೆ ಇನ್ನೂ ಸುಮಾರು 20 ಕಿಲೋಮೀಟರ್ ಇರುತ್ತದೆ.